ಪಾರ್ವತಮ್ಮನವರ ಎಡಗೈ

ಓಟಿ ನರ್ಸ್ ಅಂದರೆ ಡಾಕ್ಟರು ಕೈ ಚಾಚಿದಾಗ ಕತ್ತರಿ ಕೊಡುವವಳು ಅಂತ ಜನ ತಿಳಿದಿದ್ದಾರೆ. ಸಿನಿಮಾದಲ್ಲಿ ಹಾಗೇ ತೋರಿಸುತ್ತಾರೆ. ಕತ್ತರಿ ಕೊಡುವುದನ್ನು ಯಾರಿಗೆ ಬೇಕಾದರೂ ಕಲಿಸಬಹುದು. ಹೊಸದಾಗಿ ಕೆಲಸಕ್ಕೆ ಸೇರಿ ಆಪರೇಷನ್ ಥಿಯೇಟರಿಗೆ ಹಾಕಿಸಿಕೊಂಡಿರುವ ಮಕ್ಕಳೇ, ನಿಮ್ಮ ನಿಜವಾದ ಕೆಲಸ ಇರುವುದು ಥಿಯೇಟರಿನ ಒಳಗಲ್ಲ, ಅದಕ್ಕೆ ಮುಂಚೆ ಸಿಗುವ ಚಿಕ್ಕ ಕೋಣೆಯಲ್ಲಿ. ಅಲ್ಲಿ ಸ್ಟ್ರೆಚರ್ ಮೇಲೆ ಮಲಗಿರುವ ಮನುಷ್ಯನ ಮೈಮೇಲಿಂದ ಎಲ್ಲವನ್ನೂ ತೆಗೆಸಬೇಕು. ಬಳೆ, ಓಲೆ, ಕಾಲುಂಗುರ, ಉಡಿದಾರ, ತಾಯತ, ಜನಿವಾರ, ಶಿಲುಬೆ, ಯಾವುದೋ ಗುಡಿಯಲ್ಲೋ ದರ್ಗಾದಲ್ಲೋ ಕಟ್ಟಿಸಿಕೊಂಡ ಕೆಂಪು, ಕಪ್ಪು, ಹಳದಿ ದಾರ. ಕಟ್ಟಿಸಿಕೊಂಡ ಹಲ್ಲಿದ್ದರೆ ಅದನ್ನೂ. ಹಲ್ಲು ತೆಗೆಸುವುದೇ ಎಲ್ಲಕ್ಕಿಂತ ಸುಲಭ.

ನಾನು ಈ ಕೆಲಸವನ್ನು ಬೇಲೂರಿನಲ್ಲಿ ಶುರು ಮಾಡಿ ಅರಸೀಕೆರೆಯಲ್ಲಿ ಮುಗಿಸಿದೆ. ಚೆನ್ನಾಗಿ ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಹೆಂಗಸು ತನ್ನ ಕೆಲಸವನ್ನು ಚೆನ್ನಾಗಿ ಮಾಡಿದೆ ಅಂದರೆ ಜಂಬ ಅನ್ನುತ್ತಾರೆ, ಅಂದುಕೊಳ್ಳಲಿ. ಯಾವಾಗ ಬಡ್ತಿ ಸಿಕ್ಕಿತು, ಯಾವ ಸಮಾರಂಭದಲ್ಲಿ ಶಾಲು ಹೊದಿಸಿದರು ಅನ್ನುವುದನ್ನೆಲ್ಲ ಬರೆಯುವುದಿಲ್ಲ. ತಲೆ ನರೆತ ಹಾಗೆ ಬಡ್ತಿಯೂ ತಾನಾಗಿ ಬರುತ್ತದೆ.

ನಮ್ಮಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು. ಓದು ಕಡಿಮೆ, ಯೋಚನೆ ಜಾಸ್ತಿ. ನಾನು ಹುಟ್ಟುವುದಕ್ಕೆ ಮುಂಚೆಯೇ ಬೌದ್ಧ ಧಮ್ಮಕ್ಕೆ ಸೇರಿದ್ದರು. ಮನೆಯ ಗೋಡೆಯಿಂದ ದೇವರ ಪಟಗಳನ್ನೆಲ್ಲ ಇಳಿಸಿ ಬುದ್ಧನದೊಂದನ್ನು ಉಳಿಸಿಕೊಂಡಿದ್ದರು. ಬುದ್ಧನ ಹೆಂಡತಿಯ ಹೆಸರನ್ನೇ ನನಗಿಟ್ಟರು, ಯಶೋಧರಾ ಅಂತ. ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ನಾನು ಯಶೋಧಮ್ಮ, ಯಶೋಧಾ ಸಿಸ್ಟರ್. ಚಿಕ್ಕವಳಿದ್ದಾಗ ನನಗೊಮ್ಮೆ ಜ್ವರ ಬಿಡದೆ ಹಿಡಿದಿತ್ತು. ಸೋದರತ್ತೆ ಎಲ್ಲಿಂದಲೋ ಮಂತ್ರಿಸಿದ ದಾರ ತಂದು ಕೈಗೆ ಕಟ್ಟಿದಳು. ಅಪ್ಪ ಕೆಲಸದಿಂದ ಬಂದವರೇ ಅದನ್ನು ಕತ್ತರಿಸಿ ಬಿಸಾಕಿ, ನನ್ನನ್ನು ಹೆಗಲ ಮೇಲೆ ಹಾಕಿಕೊಂಡು ಆಸ್ಪತ್ರೆಗೆ ನಡೆದರು. ದಾರಿಯುದ್ದಕ್ಕೂ ಅತ್ತೆಯನ್ನು ಬೈದುಕೊಳ್ಳುತ್ತಲೇ ಇದ್ದರಂತೆ. ಆಸ್ಪತ್ರೆಯಲ್ಲಿ ಬಿಳಿ ಸೀರೆಯ ನರ್ಸೊಬ್ಬಳು ನನ್ನ ಹಣೆ ಮುಟ್ಟಿ ನೋಡಿದ್ದು ನೆನಪಿದೆ. ನಾನು ನರ್ಸ್ ಆಗಬೇಕೆಂದು ನಮ್ಮಪ್ಪ ಅವತ್ತೇ ತೀರ್ಮಾನಿಸಿದರು, ನನ್ನನ್ನು ಕೇಳದೆಯೇ.

ಹೀಗೆ ಬೆಳೆದವಳಿಗೆ ಜನರ ಮೈಮೇಲಿನ ದಾರ ತಾಯತ ತೆಗೆಸುವ ಕೆಲಸ ಸಿಕ್ಕಿದರೆ ಹೇಗಿರಬೇಡ. ಬೇಲೂರಿನಲ್ಲಿ ಜೇಬಿನಲ್ಲಿ ಕತ್ತರಿ ಇಟ್ಟುಕೊಂಡೇ ಓಡಾಡುತ್ತಿದ್ದೆ. ಅಲ್ಲಿ ನಮ್ಮ ಹೆಡ್ ನರ್ಸ್ ಫಿಲೋಮಿನಾ ಸಿಸ್ಟರ್. ಮಂಗಳೂರು ಕಡೆಯವರು, ದಪ್ಪ ಕನ್ನಡಕ, ಮಾತು ಕಡಿಮೆ. ಅವರು ರೇಗಿದ್ದನ್ನು ಯಾರೂ ಕಂಡಿರಲಿಲ್ಲ, ಆದರೂ ಎಲ್ಲರೂ ಹೆದರುತ್ತಿದ್ದರು.

ಒಂದು ದಿನ ಗೆಂಡೆಹಳ್ಳಿಯಿಂದ ಅಪೆಂಡಿಕ್ಸ್ ಅಂತ ಒಬ್ಬ ಗಟ್ಟಿಮುಟ್ಟಾದ ಆಳು ಬಂದ. ತೋಳಿನಲ್ಲಿ ಎಣ್ಣೆ ಹಿಡಿದು ಕರ್ರಗಾಗಿದ್ದ ಒಂದು ದಾರ, ಅದಕ್ಕೆ ಗಂಟಿನ ಮೇಲೆ ಗಂಟು. ಬೇಡ ಸಿಸ್ಟರ್, ಬೇಡ ಸಿಸ್ಟರ್ ಅಂತ ಅವನು ಗೋಗರೆಯುತ್ತಿದ್ದ. ನಾನು ಕತ್ತರಿ ತೆಗೆದೆ. ಫಿಲೋಮಿನಾ ಸಿಸ್ಟರ್ ನನ್ನ ಕೈ ಹಿಡಿದರು. ಕನ್ನಡಕ ಸರಿಮಾಡಿಕೊಂಡು ಉಗುರಿನಿಂದ ಒಂದೊಂದೇ ಗಂಟು ಬಿಡಿಸತೊಡಗಿದರು. ಒಳಗಿಂದ ಸರ್ಜನ್ ಕೂಗಿದರು, ಇದೇನು ಓಟಿಯೋ ಹೂ ಕಟ್ಟುವ ಅಂಗಡಿಯೋ ಅಂತ. ಸಿಸ್ಟರಿಗೆ ಕೇಳಿಸಲೇ ಇಲ್ಲ ಅನ್ನುವ ಹಾಗೆ ಬಿಡಿಸುತ್ತಲೇ ಇದ್ದರು. ಬಿಡಿಸಿದ ದಾರವನ್ನು ಮಡಚಿ, ಹೊರಗೆ ನಿಂತಿದ್ದ ಅವನ ತಾಯಿಯ ಸೆರಗಿಗೆ ಹಾಕಿ ಬಂದರು. ನಾನು ಸಿಟ್ಟಿನಿಂದ ಕೇಳಿದೆ, ಇದನ್ನೆಲ್ಲ ನೀವೂ ನಂಬುತ್ತೀರಾ, ನಿಮ್ಮ ದೇವರೇ ಬೇರೆಯಲ್ಲವಾ ಅಂತ.

"ಅದು ದೇವರದ್ದಲ್ಲ ಮಾರಾಯ್ತಿ, ಅವನ ಅಮ್ಮಂದು," ಅಂದರು ಸಿಸ್ಟರ್. "ಗಂಟು ನೋಡಿದರೆ ಗೊತ್ತಾಗುದಿಲ್ವಾ? ಪೂಜಾರಿ ಒಂದೇ ಗಂಟು ಹಾಕುದು. ಉಳಿದದ್ದೆಲ್ಲ ಅಮ್ಮ ಹಾಕಿದ್ದು."

ಅವತ್ತಿನಿಂದ ನಾನು ಗಂಟುಗಳನ್ನು ನೋಡಲು ಕಲಿತೆ. ತಮಾಷೆಗೆ ಹೇಳುತ್ತಿಲ್ಲ. ತಾಯಿ ಹಾಕಿದ ಗಂಟು ಬಿಗಿ, ಅಜ್ಜಿ ಹಾಕಿದ್ದು ಸಡಿಲ, ಹೆಂಡತಿ ಹಾಕಿದ್ದು ಅಂದವಾಗಿರುತ್ತದೆ. ಅಣ್ಣತಮ್ಮಂದಿರು ಹಾಕಿದ್ದನ್ನು ಬಿಡಿಸಲು ಹಲ್ಲೇ ಬೇಕು. ನನಗೆ ಯಾವ ದೇವರ ಮೇಲೂ ನಂಬಿಕೆ ಬರಲಿಲ್ಲ. ಆದರೆ ದಾರದ ಆ ತುದಿಯಲ್ಲಿ ಯಾರೋ ಇದ್ದಾರೆ, ಅವರು ಇವನು ಬದುಕಲಿ ಅಂತ ಹೊರಗೆ ಬೆಂಚಿನ ಮೇಲೆ ಕೂತಿದ್ದಾರೆ ಅನ್ನುವುದು ಗಟ್ಟಿಯಾಯಿತು. ಕತ್ತರಿಯನ್ನು ಅದರ ಜಾಗದಲ್ಲಿ, ಟ್ರೇಯಲ್ಲಿ ಇಟ್ಟೆ.

ಕೆಲಸದಲ್ಲಿ ಎಡವಟ್ಟುಗಳೂ ಆಗುತ್ತಿದ್ದವು. ಹಳೇಬೀಡಿನ ಕಡೆ ಒಂದು ಹಳ್ಳಿಯ ಶಾಲೆಯಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಯ ಕ್ಯಾಂಪ್ ನಡೆಯಿತು. ಬೆಂಚುಗಳನ್ನು ಜೋಡಿಸಿ ವಾರ್ಡ್ ಮಾಡಿದ್ದರು. ಗಡಿಬಿಡಿಯಲ್ಲಿ ಯಾರೋ ಎಲ್ಲ ಹೆಂಗಸರ ತಾಳಿಗಳನ್ನೂ ಒಂದೇ ಸ್ಟೀಲ್ ಟ್ರೇಗೆ ಹಾಕಿಬಿಟ್ಟರು. ಬೇರೆಬೇರೆ ಮನೆತನದ ತಾಳಿಗಳು ಬೇರೆಬೇರೆ ಥರ ಇರುತ್ತವಾದ್ದರಿಂದ ಹೇಗೋ ವಿಂಗಡಿಸಿದೆವು. ಕೊನೆಗೆ ಉಳಿದದ್ದು ಒಂದೇ ಮನೆಯ ಇಬ್ಬರು ಓರಗಿತ್ತಿಯರ ತಾಳಿ. ಒಬ್ಬನೇ ಅಕ್ಕಸಾಲಿ ಮಾಡಿದ್ದು, ಅಚ್ಚಿಗೆ ಅಚ್ಚು. ಮಂಪರಿನಲ್ಲೇ ಇಬ್ಬರಿಗೂ ಜಗಳ ಹತ್ತಿತು. ಗಂಡಂದಿರು ಬಂದು, ಯಾವುದಾದರೇನು, ಎರಡೂ ಒಂದೇ ಅಲ್ಲವಾ ಅಂದರು. ಅಲ್ಲಿಗೆ ಓರಗಿತ್ತಿಯರಿಬ್ಬರೂ ಒಂದಾಗಿ ಗಂಡಂದಿರ ಮೇಲೆ ತಿರುಗಿಬಿದ್ದರು. ಕೊನೆಗೆ ಹಿರಿಯಳು, ತನ್ನ ತಾಳಿಸರದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನು ವಕ್ರವಾಗಿತ್ತು, ಅದರಲ್ಲೇ ಮಗನ ಕಾಲಿನ ಮುಳ್ಳು ತೆಗೆದಿದ್ದು ಅಂದಳು. ನೋಡಿದರೆ ಪಿನ್ನು ವಕ್ರವೇ. ಎಲ್ಲರೂ ನಕ್ಕರು.

ಆಮೇಲೆ ನಾನು ಅರಸೀಕೆರೆಗೆ ಬಂದಾಗ ಒಬ್ಬೊಬ್ಬರದಕ್ಕೂ ಒಂದೊಂದು ಬಟ್ಟೆ ಚೀಲ ಹೊಲಿಸಿದೆ. ಈಗ ಜಿಪ್ ಇರುವ ಪ್ಲಾಸ್ಟಿಕ್ ಕವರ್ ಬಂದಿದೆ, ಮೇಲೆ ಸ್ಟಿಕ್ಕರ್ ಅಂಟಿಸುತ್ತಾರೆ. ಒಳ್ಳೆಯದೇ. ಮುಂಚೆ ಉಪಕರಣಗಳನ್ನು ಸ್ಟೌ ಮೇಲೆ ಕುದಿಸುತ್ತಿದ್ದೆವು, ಈಗ ಗುಂಡಿ ಒತ್ತಿದರೆ ಯಂತ್ರ ನೋಡಿಕೊಳ್ಳುತ್ತದೆ. ಮುಂಚೆ ನಾಡಿ ಹಿಡಿದು ಎಣಿಸುತ್ತಿದ್ದೆವು, ಈಗ ಬೆರಳಿಗೆ ಕ್ಲಿಪ್ ಸಿಕ್ಕಿಸುತ್ತಾರೆ. ಹಳೆಯದೇ ಚೆನ್ನಾಗಿತ್ತು ಅನ್ನುವ ಮುದುಕಿ ನಾನಲ್ಲ. ಕ್ಲಿಪ್ ಸಿಕ್ಕಿಸಿದ ಮೇಲೂ ಒಂದು ಸಲ ಕೈ ಹಿಡಿಯಿರಿ ಅಂತ ಮಾತ್ರ ಹೇಳುತ್ತೇನೆ, ಅದಕ್ಕೆ ಖರ್ಚಿಲ್ಲ.

ನಡುವಯಸ್ಸಿನಲ್ಲಿ ನನಗೊಂದು ಖಾಲಿತನ ಹಿಡಿಯಿತು. ಜೊತೆಯವರೆಲ್ಲ ಏನೇನೋ ಹುಡುಕಿಕೊಂಡು ಹೊರಟಿದ್ದರು. ಒಬ್ಬಳು ಯೋಗ, ಇನ್ನೊಬ್ಬಳು ತೀರ್ಥಯಾತ್ರೆ, ಮತ್ತೊಬ್ಬಳ ಮೊಬೈಲಿನಲ್ಲಿ ಬೆಳಗಾದರೆ ಒಬ್ಬರಲ್ಲ ಒಬ್ಬರು ಸ್ವಾಮೀಜಿಯ ಪ್ರವಚನ. ನನಗೆ ಹೋಗಲು ಗುಡಿ ಇರಲಿಲ್ಲ, ಮಠವೂ ಇರಲಿಲ್ಲ. ಅಪ್ಪ ಗೋಡೆಯಿಂದ ಪಟಗಳನ್ನು ಇಳಿಸಿದ್ದು ಸರಿ, ಆದರೆ ಆ ಮೊಳೆಗಳಿಗೆ ನಾನು ಏನು ನೇತುಹಾಕಲಿ ಅನ್ನಿಸುತ್ತಿತ್ತು. ಮಾತಾಡದೆ ಧ್ಯಾನ ಮಾಡುವ ಒಂದು ಶಿಬಿರಕ್ಕೂ ಹೋದೆ. ಕಣ್ಣು ಮುಚ್ಚಿದರೆ ಓಟಿಯಲ್ಲಿ ಉಪಕರಣಗಳನ್ನು ಹಬೆಯಲ್ಲಿ ಶುದ್ಧಮಾಡುವ ಆಟೋಕ್ಲೇವ್ ಯಂತ್ರ ನೆನಪಾಗುತ್ತಿತ್ತು, ನಾನಿಲ್ಲದಾಗ ಅದಕ್ಕೆ ನೀರು ಹಾಕಿದರೋ ಇಲ್ಲವೋ ಅಂತ. ಶಿಬಿರ ಮುಗಿಯುವ ಮುಂಚೆಯೇ ಬಸ್ಸು ಹತ್ತಿ ವಾಪಸ್ಸು ಬಂದೆ. ನೀರು ಹಾಕಿರಲಿಲ್ಲ.

ನಮ್ಮ ಸರ್ಜನ್ ಡಾಕ್ಟರ್ ಸತೀಶ್ ಕೂಡ ಆಗ ಅದೇ ಸ್ಥಿತಿಯಲ್ಲಿದ್ದರು. ಚಿಕ್ಕ ವಯಸ್ಸು, ಒಳ್ಳೆಯ ಕೈ. ಸರ್ಕಾರಿ ಸೇವೆಯ ಅವಧಿ ಯಾವಾಗ ಮುಗಿದೀತು ಅಂತ ಕಾಯುತ್ತಿದ್ದರು. ಟೀ ಕುಡಿಯುವಾಗ ಒಂದು ದಿನ ಕೇಳಿದರು, ದಿನಾ ಇದೇ ಹರ್ನಿಯಾ, ಇದೇ ಅಪೆಂಡಿಕ್ಸ್, ಇದರಲ್ಲಿ ನಿಮಗೆ ಏನು ಸಿಗುತ್ತದೆ ಸಿಸ್ಟರ್ ಅಂತ. ನಾನು ಸಂಬಳ ಅಂದೆ. ಅವರು ನಗಲಿಲ್ಲ. ನನಗೂ ನಗು ಬಂದಿರಲಿಲ್ಲ.

ಪಾರ್ವತಮ್ಮನವರು ಬಂದದ್ದು ಆ ದಿನಗಳಲ್ಲೇ, ಒಂದು ಮಧ್ಯಾಹ್ನ. ಗಂಡಸಿ ಕಡೆಯವರು. ಗಂಡ ಸಿದ್ದಲಿಂಗಪ್ಪನವರಿಗೆ ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಇಬ್ಬರಿಗೂ ವಯಸ್ಸಾಗಿತ್ತು. ಜೊತೆಯಲ್ಲಿ ಸಿದ್ದಲಿಂಗಪ್ಪನವರ ತಂಗಿ ನಾಗಮ್ಮ. ಪಾರ್ವತಮ್ಮನವರಿಗೆ ಹೊಕ್ಕುಳ ಹತ್ತಿರ ಹಳೆಯ ಹರ್ನಿಯಾ, ಅದರೊಳಗೆ ಕರುಳು ಸಿಕ್ಕಿಕೊಂಡುಬಿಟ್ಟಿತ್ತು. ಹೊಟ್ಟೆ ಕಲ್ಲಾಗಿತ್ತು, ವಾಂತಿ ನಿಂತಿರಲಿಲ್ಲ. ಹಾಸನಕ್ಕೆ ಕಳಿಸುವಷ್ಟು ಹೊತ್ತಿಲ್ಲ, ಕರುಳು ಸಾಯುವುದರೊಳಗೆ ಇಲ್ಲೇ ಬಿಡಿಸಬೇಕು ಅಂದರು ಡಾಕ್ಟರು. ಸಿದ್ದಲಿಂಗಪ್ಪನವರು ಒಪ್ಪಿದರು. ಎಲ್ಲ ಸಿದ್ಧವಾಯಿತು.

ಚಿಕ್ಕ ಕೋಣೆಯಲ್ಲಿ ಪಾರ್ವತಮ್ಮನವರು ಬಳೆ ಬಿಚ್ಚಿಕೊಟ್ಟರು, ಓಲೆ ಕೊಟ್ಟರು, ತಾಳಿಯನ್ನೂ ಕಣ್ಣಿಗೊತ್ತಿಕೊಂಡು ಕೊಟ್ಟರು. ಎದೆಯ ಮೇಲೆ ಶಿವದಾರದಲ್ಲಿ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಇಷ್ಟಲಿಂಗ. ನಾನು ಅದರ ಹತ್ತಿರ ಕೈ ಒಯ್ದ ಕೂಡಲೇ ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಅಷ್ಟು ನೋವಿನಲ್ಲಿ ಆ ಕೈಗಳಿಗೆ ಎಲ್ಲಿಂದ ಬಲ ಬಂತೋ.

ಲಿಂಗಾಯತರಲ್ಲಿ ಅದು ಗುರು ಕಟ್ಟಿದ ಲಿಂಗ. ಬದುಕಿರುವ ತನಕ ಮೈಬಿಟ್ಟು ಅಗಲಬಾರದು. ಅದರ ಪೂಜೆಯಾಗದೆ ಹಳೆಯ ಕಾಲದವರು ನೀರೂ ಮುಟ್ಟುವುದಿಲ್ಲ. ಆದರೆ ಓಟಿಯಲ್ಲಿ ರಕ್ತ ನಿಲ್ಲಿಸಲು ಕರೆಂಟಿನಿಂದ ಸುಡುವ ಯಂತ್ರ ಬಳಸುತ್ತೇವೆ, ಮೈಮೇಲೆ ಬೆಳ್ಳಿ ಬಂಗಾರ ಇದ್ದರೆ ಅಲ್ಲಿ ಚರ್ಮ ಸುಟ್ಟುಹೋಗಬಹುದು. ಮೇಲಾಗಿ ದಾರ ಉದ್ದವಿತ್ತು, ಕರಡಿಗೆ ಜಾರಿದರೆ ಹೊಟ್ಟೆ ಕೊಯ್ಯುವ ಜಾಗಕ್ಕೇ ಬರುತ್ತಿತ್ತು. ಬೇರೆ ರೋಗಿಗಳು ಅದನ್ನು ಮನೆಯವರ ಕೈಗೆ ಕೊಟ್ಟು ಒಳಗೆ ಬರುತ್ತಿದ್ದರು. ಪಾರ್ವತಮ್ಮನವರು ಕೊಡಲಿಲ್ಲ.

"ಇದು ಮೈಮೇಲಿಂದ ಹೋಗಬಾರ್ದು ಕಣವ್ವ," ಅಂದರು. "ಹೋಗೋದಾದ್ರೆ ನಾನೂ ಅದ್ರ ಜೊತೇಲೇ ಹೋಯ್ತೀನಿ. ನನ್ನ ಊರಿಗೆ ಕಳಿಸ್ಬಿಡಿ."

ಊರಿಗೆ ಕಳಿಸಿದರೆ ಏನಾಗುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿತ್ತು. ಡಾಕ್ಟರ್ ಸತೀಶ್ ಬಂದು ವಿವರಿಸಿದರು, ಜೋರು ಮಾಡಿದರು, ಹೊರಗೆ ಹೋಗಿ ಬಂದರು. ಹೆಚ್ಚು ತಡವಾದರೆ ನಾನು ಏನೂ ಮಾಡೋಕಾಗಲ್ಲ ಅಂದರು. ನಾಗಮ್ಮ, ಅಯ್ಯನವರನ್ನು ಕರೆಸೋಣ, ಅವರೇ ಬಂದು ಲಿಂಗ ತೆಗೆದರೆ ಅತ್ತಿಗೆ ಒಪ್ಪಬಹುದು ಅಂತ ಯಾರನ್ನೋ ಬೈಕಿನಲ್ಲಿ ಓಡಿಸಿದರು. ಪೂಜೆ ಪುನಸ್ಕಾರ ಮಾಡಿಸುವ ಆ ಅಯ್ಯನವರು ಇನ್ಯಾವುದೋ ಊರಿಗೆ ಹೋಗಿದ್ದಾರೆ ಅಂತ ಫೋನು ಬಂತು.

ಅಷ್ಟರಲ್ಲಿ ನಾಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ನೀವು ಯಾವ ಪೈಕಿನಮ್ಮ ಅಂತ ಕೇಳಿದರು. ಓಟಿ ಪೈಕಿ ಅಂದೆ. ಅವರು ಬಿಡಲಿಲ್ಲ. ನಾವು ಬೌದ್ಧರು, ರೈಲ್ವೆ ಕ್ವಾರ್ಟರ್ಸಿನವರು ಅಂದೆ. ನಮ್ಮ ಕಡೆ ಹಾಗೆಂದರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾಗಮ್ಮ ಸೆರಗು ಎಳೆದುಕೊಂಡು, ಹಂಗಾರೆ ಲಿಂಗದ ತಂಟೆಗೆ ನೀವು ಬರಬ್ಯಾಡಿ ಅಂದರು. ನನಗೆ ಮೈ ಉರಿಯಿತು. ಅಂಥ ಮಾತನ್ನು ಚಿಕ್ಕಂದಿನಿಂದ ಕೇಳಿದವಳು ನಾನು, ಕೇಳಿ ಕೇಳಿ ಅಭ್ಯಾಸ ಆಗುತ್ತದೆ ಅನ್ನುವುದು ಸುಳ್ಳು. ಬೇರೆ ನರ್ಸನ್ನು ಕರೆದು ನಾನು ಹೊರಗೆ ಹೋಗಬಹುದಿತ್ತು. ಸ್ಟ್ರೆಚರ್ ಮೇಲಿನ ಹೆಂಗಸಿನ ತುಟಿ ಒಣಗಿ ಬೆಳ್ಳಗಾಗಿತ್ತು. ನಾನು ನಾಗಮ್ಮನಿಗೆ ಬೆನ್ನು ಹಾಕಿ ನಿಂತು ಪಾರ್ವತಮ್ಮನವರ ತುಟಿಗೆ ಒದ್ದೆ ಹತ್ತಿ ಒತ್ತಿದೆ.

ಸಿದ್ದಲಿಂಗಪ್ಪನವರನ್ನು ಒಳಗೆ ಕರೆಸಿದೆ. ಹಣೆ ತುಂಬ ವಿಭೂತಿ ಇಟ್ಟುಕೊಂಡಿದ್ದ ಎತ್ತರದ ಮನುಷ್ಯ. ಮದುವೆಯಾದಾಗಿನಿಂದ ಗಂಡ ಹೆಂಡತಿ ಎದುರುಬದುರು ಕೂತು ಲಿಂಗಪೂಜೆ ಮಾಡಿಕೊಂಡು ಬಂದವರು ಅಂತ ಆಮೇಲೆ ತಿಳಿಯಿತು. ಅವರು ಸ್ಟ್ರೆಚರ್ ಪಕ್ಕ ಬಗ್ಗಿದರು. ನಾನಿದ್ದೇನೆ, ತಂಗಿ ಇದ್ದಾಳೆ ಅನ್ನುವುದನ್ನೂ ಮರೆತರು.

"ತೆಗ್ದುಬಿಡೇ ಪಾರ್ವತಿ," ಅಂದರು. "ಪಾಪ ಬಂದ್ರೆ ನಂಗೆ ಬರ್ಲಿ. ಶಿವ ಕೇಳಿದ್ರೆ ನಾನು ಉತ್ತರ ಕೊಟ್ಕೊತೀನಿ. ನೀನು ಇರಬೇಕು ಕಣೆ ನಂಗೆ."

ಪಾರ್ವತಮ್ಮನವರ ಕಣ್ಣಲ್ಲಿ ನೀರು ಬಂತು. ನೀವು ಹಂಗನ್ನಬಾರ್ದು ಅಂದರು. ಕೈ ಮಾತ್ರ ಎದೆಯ ಮೇಲಿಂದ ಸರಿಯಲಿಲ್ಲ. ಅವರು ಹಟ ಮಾಡುತ್ತಿರಲಿಲ್ಲ. ಗಂಡನನ್ನು ಬಿಟ್ಟುಹೋಗುವ ಭಯ ಎಷ್ಟಿತ್ತೋ ಲಿಂಗವನ್ನು ಬಿಡುವ ಭಯವೂ ಅಷ್ಟೇ ಇತ್ತು. ಎರಡರ ನಡುವೆ ಸಿಕ್ಕಿಕೊಂಡು ಉಸಿರಾಡುತ್ತಿದ್ದರು. ಸುಮ್ಮನೆ ಎಳೆದುಕೊಂಡರೆ ಇವರು ಟೇಬಲ್ ಮೇಲೆ ಬದುಕಲು ಪ್ರಯತ್ನವನ್ನೇ ಮಾಡುವುದಿಲ್ಲ ಅಂತ ನನಗನ್ನಿಸಿತು.

ನಾನು ಅವರ ಕಿವಿಯ ಹತ್ತಿರ ಬಗ್ಗಿ, ಪೂಜೆ ಮಾಡುವಾಗ ಲಿಂಗವನ್ನು ಎಲ್ಲಿಟ್ಟುಕೊಳ್ಳುತ್ತೀರಿ ಅಂತ ಕೇಳಿದೆ. ಎಡಗೈಲಿ ಅಂದರು. ಹಾಗಾದರೆ ಎಡಗೈಯಲ್ಲೇ ಇರಲಿ, ಬೀಳದ ಹಾಗೆ ನಾನು ಕಟ್ಟುತ್ತೇನೆ, ನೀವು ನಿದ್ದೆ ಮಾಡಿ ಏಳುವವರೆಗೂ ಕೈಯಲ್ಲೇ ಇರುತ್ತದೆ ಅಂದೆ. ಅವರು ಕಣ್ಣು ತೆರೆದು ನನ್ನನ್ನು ಮೊದಲ ಸಲ ನೆಟ್ಟಗೆ ನೋಡಿದರು.

ಡಾಕ್ಟರ್ ಸತೀಶ್ ಒಂದು ಕ್ಷಣ ಯೋಚಿಸಿದರು. ನಮ್ಮ ತಕರಾರು ಇರುವುದು ಬೆಳ್ಳಿಯ ಕರಡಿಗೆಯದ್ದು, ಒಳಗಿನ ಲಿಂಗ ಲೋಹವಲ್ಲ, ಕೈ ಹೊಟ್ಟೆಯಿಂದ ದೂರ ಇರುತ್ತದೆ, ಆಗಬಹುದು ಅಂದರು. ಅರಿವಳಿಕೆ ಕೊಡುವ ಡಾಕ್ಟರ್ ಸಲ್ಮಾ ಆಗಲೇ ಬೆರಳಿನ ಕ್ಲಿಪ್ಪನ್ನು ಬಲಗೈಗೆ ಬದಲಾಯಿಸುತ್ತಿದ್ದರು. ಎಡಗೈ ನಿಮ್ಮದು ಸಿಸ್ಟರ್, ನಾನು ಬಲಗೈಯಲ್ಲಿ ನೋಡ್ಕೊತೀನಿ ಅಂದರು.

ಪಾರ್ವತಮ್ಮನವರು ತಾವೇ ಕರಡಿಗೆ ತೆರೆಯಲು ನೋಡಿದರು. ಬೆವರಿದ ಬೆರಳಿಗೆ ಮುಚ್ಚಳ ಜಾರುತ್ತಿತ್ತು. ಸಿದ್ದಲಿಂಗಪ್ಪನವರು ಕೈ ಮುಂದೆ ಮಾಡಿದರು, ಅವರ ಒರಟು ಬೆರಳಿಗೂ ಅದು ಸಿಗಲಿಲ್ಲ. ನಾಗಮ್ಮ, ಕೊಡಿ ಅತ್ತಿಗೆ ನಾನು ತೆಗೀತೀನಿ ಅಂತ ಮುಂದೆ ಬಂದರು. ಪಾರ್ವತಮ್ಮನವರು ತಲೆ ಅಲ್ಲಾಡಿಸಿ ನನ್ನ ಕಡೆ ನೋಡಿದರು.

"ನೀನೇ ತೆಗಿಯವ್ವ. ಕಟ್ಟೋಳು ನೀನಲ್ವಾ."

ನಾನು ಕೈ ತೊಳೆದು ಬಂದೆ. ಮುಚ್ಚಳ ತೆಗೆದು, ಒಳಗಿನ ವಸ್ತ್ರ ಬಿಡಿಸಿ, ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟೆ. ಕರ್ರಗೆ ನುಣುಪಾಗಿತ್ತು, ಅವರ ಮೈಯ ಬಿಸಿಯೇ ಅದಕ್ಕೂ ಇತ್ತು. ಬೆರಳುಗಳನ್ನು ಅದರ ಮೇಲೆ ಮಡಚಿ, ಮೇಲೆ ಗಾಯಕ್ಕೆ ಹಾಕುವ ತೆಳು ಹತ್ತಿಬಟ್ಟೆಯ ಒಂದು ಪದರ ಇಟ್ಟು, ಮಣಿಕಟ್ಟಿನವರೆಗೆ ರೋಲರ್ ಬ್ಯಾಂಡೇಜ್ ಸುತ್ತಿದೆ. ರಕ್ತ ಓಡಾಡಬೇಕು, ಲಿಂಗ ಅಲುಗಾಡಬಾರದು. ಉಗುರಿನ ತುದಿಗಳನ್ನು ಕಾಣುವ ಹಾಗೆ ಬಿಟ್ಟೆ. ನಾಗಮ್ಮ ಮುಖ ತಿರುಗಿಸಿಕೊಂಡು ಹೊರಗೆ ಹೋದರು. ಸ್ಟ್ರೆಚರ್ ಒಳಗೆ ಹೋಯಿತು.

ಒಳಗೆ ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಹೊಟ್ಟೆ ತೆರೆದ ಸ್ವಲ್ಪ ಹೊತ್ತಿಗೆ ಬಿಪಿ ಕುಸಿಯಿತು. ಬಲಗೈಯ ರಕ್ತನಾಳ ಕೈಕೊಟ್ಟಿತು, ಅಲ್ಲಿ ಡ್ರಿಪ್ ನಿಂತುಹೋಯಿತು. ಡಾಕ್ಟರ್ ಸಲ್ಮಾ ಎಡಗೈಯ ಕಡೆ ಬಂದರು. ಬ್ಯಾಂಡೇಜ್ ಬಿಚ್ಚಿದರೆ ಹಿಂಗೈಯಲ್ಲಿ ರಕ್ತನಾಳ ಸುಲಭವಾಗಿ ಸಿಗುತ್ತಿತ್ತು. ಜೀವ ಮೊದಲು. ಬಿಚ್ಚಬೇಕಾದರೆ ನಾನೇ ಬಿಚ್ಚುತ್ತೇನೆ ಅಂತ ಗಂಟಿನ ಮೇಲೆ ಬೆರಳಿಟ್ಟೆ. ಅವರು ನನ್ನ ಬೆರಳನ್ನು ನೋಡಿದರು, ತೋಳಿಗೆ ಪಟ್ಟಿ ಬಿಗಿದು, ಮೊಣಕೈಯ ಮಡಿಕೆಯಲ್ಲಿ ಹುಡುಕತೊಡಗಿದರು. ಮೊದಲ ಸಲ ಸಿಗಲಿಲ್ಲ. ತಮ್ಮಷ್ಟಕ್ಕೇ ಅಲ್ಲಾಹನ ಹೆಸರು ಹೇಳಿಕೊಂಡು ಮತ್ತೊಮ್ಮೆ ಚುಚ್ಚಿದರು. ರಕ್ತ ಕಾಣಿಸಿತು, ಡ್ರಿಪ್ ಓಡಿತು, ಬಿಪಿ ಮೇಲೆ ಬಂತು. ಡಾಕ್ಟರ್ ಸತೀಶ್ ಕರುಳನ್ನು ಬಿಸಿ ಬಟ್ಟೆಯಲ್ಲಿ ಸುತ್ತಿ ಹಿಡಿದು ಕಾದರು. ಕಪ್ಪಿಟ್ಟಿದ್ದ ಕರುಳು ನೋಡುನೋಡುತ್ತಿದ್ದ ಹಾಗೆ ಕೆಂಪಾಯಿತು. ಅದನ್ನು ಕತ್ತರಿಸಬೇಕಾಗಿ ಬರಲಿಲ್ಲ.

ಪಾರ್ವತಮ್ಮನವರಿಗೆ ಎಚ್ಚರವಾದಾಗ ನಾನು ಪಕ್ಕದಲ್ಲಿದ್ದೆ. ಕಣ್ಣು ಬಿಡುವ ಮೊದಲೇ ಅವರ ಬಲಗೈ ಎಡಗೈಯನ್ನು ಹುಡುಕಿಕೊಂಡು ಹೋಯಿತು. ಬ್ಯಾಂಡೇಜಿನ ಮೇಲೆ ಸವರಿ, ಒಳಗೆ ಇದೆ ಅಂತ ತಿಳಿದು, ಮತ್ತೆ ನಿದ್ದೆ ಹೋದರು. ಡಾಕ್ಟರ್ ಸತೀಶ್ ಬಾಗಿಲಲ್ಲಿ ನಿಂತು ಅದನ್ನು ನೋಡಿದರು. ಟೀ ಕುಡಿಯುವಾಗ ಕೇಳಿದ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ. ಸೇವೆಯ ಅವಧಿ ಮುಗಿದ ಮೇಲೂ ಅರಸೀಕೆರೆಯಲ್ಲೇ ಉಳಿದರು. ಕಾರಣ ಕೇಳಿದರೆ ಇಲ್ಲಿ ಎಳನೀರು ಚೆನ್ನಾಗಿದೆ ಅನ್ನುತ್ತಾರೆ.

ಮಾರನೆಯ ದಿನ ಬ್ಯಾಂಡೇಜ್ ಬಿಚ್ಚಿದೆ. ಪಾರ್ವತಮ್ಮನವರು ಮಲಗಿದಲ್ಲೇ ವಿಭೂತಿ ಇಟ್ಟು ಪೂಜೆ ಮಾಡಿಕೊಂಡರು. ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಸಿದ್ದಲಿಂಗಪ್ಪನವರೂ ತಮ್ಮ ಲಿಂಗ ತೆಗೆದರು. ಜನರಲ್ ವಾರ್ಡಿನ ಗಲಾಟೆಯ ನಡುವೆ ಅವರಿಬ್ಬರೂ ತಮ್ಮ ಪಾಡಿಗೆ ಎದುರುಬದುರಾಗಿ ಕೂತ ಹಾಗಿತ್ತು. ನಾನು ಪಕ್ಕದ ಮಂಚದ ರೋಗಿಗೆ ಇಂಜೆಕ್ಷನ್ ಕೊಡುತ್ತಾ ನೋಡಿದೆ. ನನಗೆ ಅಲ್ಲಿ ಶಿವ ಕಾಣಿಸಲಿಲ್ಲ. ಒಬ್ಬರಿಗೆ ಇನ್ನೊಬ್ಬರು ಉಳಿದಿದ್ದಾರೆ ಅನ್ನುವುದು ಕಂಡಿತು, ಅದರಲ್ಲಿ ನನ್ನದೊಂದು ಪಾಲಿದೆ ಅನ್ನುವುದೂ ಕಂಡಿತು. ಬೇರೆಯವರು ಎಲ್ಲೆಲ್ಲೋ ಹುಡುಕುವುದು ನನಗೆ ಸರ್ಕಾರಿ ವಾರ್ಡಿನಲ್ಲಿ ಸಿಕ್ಕಿತು. ಅವತ್ತು ನಾನು ಪಟ್ಟ ಹೆಮ್ಮೆ ಇವತ್ತಿಗೂ ಇಳಿದಿಲ್ಲ.

ನಾಗಮ್ಮ ಮಾತ್ರ ಡಿಸ್ಚಾರ್ಜ್ ಆಗುವ ತನಕ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.

ಸುದ್ದಿ ನಮ್ಮಪ್ಪನಿಗೆ ತಲುಪಿತು. ಆಗ ಅವರು ಕೋಲು ಹಿಡಿದು ನಡೆಯುತ್ತಿದ್ದರು, ನಾಲಿಗೆಗೆ ಮಾತ್ರ ಕೋಲು ಬೇಕಾಗಿರಲಿಲ್ಲ. ಲಿಂಗ ಕಟ್ಟೋ ಕೆಲಸಕ್ಕಾ ನಿನ್ನ ಓದಿಸಿದ್ದು ಅಂತ ಶುರು ಮಾಡಿದರು. ನಾನು ಕಟ್ಟಿದ್ದು ಅವರ ಕೈಯನ್ನು ಅಪ್ಪ ಅಂದೆ. ಅಪ್ಪ ಬುದ್ಧನ ಪಟದ ಕಡೆ ನೋಡಿದರು.

"ಆಯಮ್ಮ ಉಳ್ಕೊಂಡ್ಲಾ?" ಅಂದರು.

ಉಳಿದುಕೊಂಡರು ಅಂದೆ. ಹಾಗಾದರೆ ಸರಿ, ಊಟಕ್ಕಿಡು ಅಂದರು. ನನಗೆ ಸಿಕ್ಕ ಮೆಚ್ಚುಗೆಗಳಲ್ಲಿ ದೊಡ್ಡದು ಇದೇ.

ಆಮೇಲೆ ನಮ್ಮ ಓಟಿಯಲ್ಲಿ ಅದೇ ಪದ್ಧತಿಯಾಯಿತು. ಲಿಂಗ ಬಿಡಲಾರೆ ಅಂದವರಿಗೆ ಅಂಗೈಯಲ್ಲಿಟ್ಟು ಕಟ್ಟುತ್ತಿದ್ದೆವು. ಎಡಗೈಗೇ ಆಪರೇಷನ್ ಆದರೆ ಬಲಗೈಗೆ. ಇನ್ಯಾರದೋ ಕೈಯಲ್ಲಿ ಜಪಮಣಿ, ಮತ್ತೊಬ್ಬರ ಕೈಯಲ್ಲಿ ಮಗುವಿನ ಕುಲಾವಿಯನ್ನೂ ಕಟ್ಟಿದ್ದೇನೆ. ಡಾಕ್ಟರ್ ಸಲ್ಮಾ ಅದಕ್ಕೆ ಯಶೋಧಾ ಬ್ಯಾಂಡೇಜ್ ಅಂತ ಹೆಸರಿಟ್ಟರು. ಅದು ಯಾವ ಪಠ್ಯಪುಸ್ತಕದಲ್ಲೂ ಸಿಗುವುದಿಲ್ಲ. ನಾನು ನಿವೃತ್ತಳಾದ ಮೇಲೂ ಅಲ್ಲಿನ ಮಕ್ಕಳು ಅದೇ ಹೆಸರು ಹೇಳಿ ಕಟ್ಟುತ್ತಾರಂತೆ.

ನಿವೃತ್ತಿಯಾದ ಮೇಲೆ ಒಂದು ಬೆಳಿಗ್ಗೆ ಸಿದ್ದಲಿಂಗಪ್ಪನವರ ಫೋನು ಬಂತು. ಪಾರ್ವತಿ ಹೋಗ್ಬಿಟ್ಳು ಸಿಸ್ಟರ್, ನೀವು ಬರಬೇಕು ಅಂದರು. ಕಾಯಿಲೆಯೇನಿಲ್ಲ, ಬೆಳಗಿನ ಪೂಜೆ ಮುಗಿಸಿ ಗೋಡೆಗೊರಗಿ ಕೂತವರು ಹಾಗೇ ಹೋಗಿದ್ದರು. ಸತ್ತವರನ್ನು ಅವರಲ್ಲಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು, ಹಾಗೆಯೇ ಸಮಾಧಿ ಮಾಡುತ್ತಾರೆ. ಆ ಹೊತ್ತು ಬಂದಾಗ ಲಿಂಗವನ್ನು ಸಿಸ್ಟರೇ ಕಟ್ಟಬೇಕು ಅಂತ ಪಾರ್ವತಮ್ಮನವರು ಗಂಡನ ಹತ್ತಿರ ಮಾತು ತೆಗೆದುಕೊಂಡಿದ್ದರಂತೆ. ನಾನು ಗಂಡಸಿ ಬಸ್ಸು ಹತ್ತಿದೆ. ದಾರಿಯಲ್ಲಿ ಮೆಡಿಕಲ್ ಸ್ಟೋರಿನಲ್ಲಿ ಹೊಸ ರೋಲರ್ ಬ್ಯಾಂಡೇಜ್ ತೆಗೆದುಕೊಂಡಿದ್ದೆ.

ಹಜಾರದ ತುಂಬ ಜನ. ಪಾರ್ವತಮ್ಮನವರನ್ನು ಹೂವು ವಿಭೂತಿ ಹಾಕಿ ಕೂರಿಸಿದ್ದರು. ನಾನು ಯಾರೆಂದು ತಿಳಿದ ಕೆಲವರು ಪಿಸುಗುಟ್ಟಿದರು. ಒಬ್ಬಾತ ಜೋರಾಗಿಯೇ, ಅಯ್ಯನವರು ಇರುವಾಗ ಹೊರಗಿನವರು ಯಾಕೆ ಅಂದ. ಅಯ್ಯನವರು ವಯಸ್ಸಾದವರು. ಹೋದವರ ಇಷ್ಟ ಅದು, ನಡೆಯಲಿ ಅಂದರು. ಸಿದ್ದಲಿಂಗಪ್ಪನವರು ಹೆಂಡತಿಯ ಕರಡಿಗೆಯನ್ನು ನನ್ನ ಕೈಗೆ ಕೊಟ್ಟರು.

ನಾನು ಕೈಕಾಲು ತೊಳೆದು ಬಂದು ಎದುರಿಗೆ ಕೂತೆ. ಬೆರಳುಗಳು ಸೆಟೆದುಕೊಂಡಿದ್ದವು. ಸತ್ತವರ ಕೈಯನ್ನು ಎಳೆದು ಬಿಡಿಸಬಾರದು, ನಮ್ಮ ಎರಡೂ ಕೈಯಲ್ಲಿ ಹಿಡಿದು ಸಾವಕಾಶವಾಗಿ ಸಡಿಲಿಸಬೇಕು. ಹಾಗೆ ಹಿಡಿದು ಕೂತಿದ್ದಾಗ ನನಗೆ ಅಳು ಬಂತು, ಅತ್ತುಬಿಟ್ಟೆ. ಆಮೇಲೆ ಲಿಂಗವನ್ನು ಅಂಗೈಯಲ್ಲಿಟ್ಟು, ಬೆರಳು ಮಡಚಿ, ಸುತ್ತತೊಡಗಿದೆ. ಅಭ್ಯಾಸದ ಬಲದಿಂದ ಉಗುರಿನ ತುದಿಗಳನ್ನು ಬಿಟ್ಟೇ ಸುತ್ತುತ್ತಿದ್ದೆ. ಕೊನೆಯ ಗಂಟನ್ನೂ, ನಾಳೆ ಬಿಚ್ಚಲು ಸುಲಭವಾಗಲಿ ಅಂತ ಆಸ್ಪತ್ರೆಯಲ್ಲಿ ಹಾಕುವ ಹಾಗೆ ಸಡಿಲವಾಗಿಯೇ ಹಾಕಹೊರಟಿದ್ದೆ.

ಪಕ್ಕದಲ್ಲಿ ಯಾರೋ ಕೂತ ಹಾಗಾಯಿತು. ನಾಗಮ್ಮ. ತಲೆ ಪೂರ್ತಿ ನರೆತಿತ್ತು. ಅತ್ತಿಗೆಯ ಮಣಿಕಟ್ಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು, ಇನ್ನೊಂದನ್ನು ನನ್ನ ಕೈಯ ಮೇಲೆ ಇಟ್ಟರು.

"ಇನ್ನೊಂದು ಸುತ್ತು ಸುತ್ತವ್ವ," ಅಂದರು. "ಇದು ಬಿಚ್ಚೋದಲ್ಲ."

ನಾನು ಇನ್ನೊಂದು ಸುತ್ತು ಸುತ್ತಿದೆ.